ಮಾತಾಡೋ ಸರದಿ ಯಾರದ್ದು? ಟೋಸ್ಟ್‌ಮಾಸ್ಟರ್ಸ್ ಕಥೆ

ಇವತ್ತಿನ ಕ್ಯಾಪ್ಷನ್ ಸ್ವಲ್ಪ ಉದ್ದ ಇದೆ ಫ್ರೆಂಡ್ಸ್, ಪೂರ್ತಿ ಓದಿ 🎤

"ಸ್ಟೇಜ್ ಮೇಲೆ ಮಾತಾಡೋದು ಹುಟ್ಟಿನಿಂದಲೇ ಬರಬೇಕು" ಅಂತ ನಮ್ಮಲ್ಲಿ ತುಂಬಾ ಜನ ನಂಬಿದ್ದೀವಿ. 120 ವರ್ಷದ ಹಿಂದೆ ಅಮೆರಿಕದಲ್ಲಿ ಇದನ್ನ ಒಪ್ಪದ ಒಬ್ಬರಿದ್ರು. ಹೆಸರು ರಾಲ್ಫ್ ಸ್ಮೆಡ್ಲಿ.

1️⃣ ಮತ್ತೆ ಮತ್ತೆ ಮುಚ್ಚಿದ ಕ್ಲಬ್
ಸ್ಮೆಡ್ಲಿ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ ವೈಎಂಸಿಎ ಕೆಲಸದಲ್ಲಿದ್ರು. ಅಲ್ಲಿಗೆ ಬರ್ತಿದ್ದ ಹುಡುಗರಿಗೆ ಸಭೆ ನಡೆಸೋದು, ನಾಲ್ಕು ಜನರ ಎದುರು ಮಾತಾಡೋದು ಕಲಿಸೋಕೆ 1905ರಲ್ಲಿ ಕ್ಲಬ್ ಶುರು ಮಾಡಿದ್ರು. ಔತಣಕೂಟದಲ್ಲಿ ಒಬ್ಬೊಬ್ಬರನ್ನೇ ಮಾತಿಗೆ ಕರೆಯೋ ನಿರೂಪಕನಿಗೆ ಅಲ್ಲಿ ಟೋಸ್ಟ್‌ಮಾಸ್ಟರ್ ಅಂತಾರೆ. ಕ್ಲಬ್‌ಗೂ ಅದೇ ಹೆಸರು ಬಂತು. ಆದರೆ ಸ್ಮೆಡ್ಲಿ ಬೇರೆ ಊರಿಗೆ ಹೋದ ಮೇಲೆ ಕ್ಲಬ್ ನಿಂತುಹೋಯ್ತು. ಹೊಸ ಊರಲ್ಲಿ ಮತ್ತೆ ಕಟ್ಟೋದು, ಅವರು ಹೊರಟ ಮೇಲೆ ಮತ್ತೆ ಮುಚ್ಚೋದು. ಸುಮಾರು ಇಪ್ಪತ್ತು ವರ್ಷ ಇದೇ ಪಾಡು.

2️⃣ ಕೈಪಿಡಿ ಬಂತು
1924ರ ಅಕ್ಟೋಬರ್ 22ರಂದು ಕ್ಯಾಲಿಫೋರ್ನಿಯಾದ ಸಾಂತಾ ಆನಾದಲ್ಲಿ, ವೈಎಂಸಿಎ ಕಟ್ಟಡದ ನೆಲಮಾಳಿಗೆಯಲ್ಲಿ ಮತ್ತೊಂದು ಕ್ಲಬ್ ಶುರುವಾಯ್ತು. ಈ ಸಲ ಸುತ್ತಲಿನ ಊರುಗಳವರೂ ನಮಗೂ ಬೇಕು ಅಂದ್ರು. ಸ್ಮೆಡ್ಲಿ ಕ್ಲಬ್ ನಡೆಸೋ ಕ್ರಮವನ್ನ ಕೈಪಿಡಿಯಾಗಿ ಬರೆದರು. ನನ್ನ ಪ್ರಕಾರ ಟರ್ನಿಂಗ್ ಪಾಯಿಂಟ್ ಇದೇ: ಇನ್ಮುಂದೆ ಸ್ಮೆಡ್ಲಿ ಇಲ್ಲದ ಊರಲ್ಲೂ ಕ್ಲಬ್ ನಡೀಬಹುದು. 1930ರಲ್ಲಿ ಕೆನಡಾದಲ್ಲೂ ಕ್ಲಬ್ ಹುಟ್ಟಿ, ಸಂಸ್ಥೆ ಟೋಸ್ಟ್‌ಮಾಸ್ಟರ್ಸ್ ಇಂಟರ್‌ನ್ಯಾಷನಲ್ ಆಯ್ತು. 1932ರಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ನೋಂದಣಿಯಾಯ್ತು.

3️⃣ ಮೇಷ್ಟ್ರಿಲ್ಲದ ಕ್ಲಾಸು
ಇಲ್ಲಿ ಪಾಠ ಮಾಡೋರು ಯಾರೂ ಇಲ್ಲ. ಒಬ್ಬರು ಮಾತಾಡಿದ್ರೆ ಇನ್ನೊಬ್ಬರು ಹಸಿರು, ಹಳದಿ, ಕೆಂಪು ತೋರಿಸಿ ಟೈಮ್ ಹೇಳ್ತಾರೆ. ಮತ್ತೊಬ್ಬರು "ಆಆ... ಮ್ಮ್..." ಎಷ್ಟು ಸಲ ಬಂತು ಅಂತ ಎಣಿಸ್ತಾರೆ. ಇನ್ನೊಬ್ಬರು ಯಾವುದು ಚೆನ್ನಾಗಿತ್ತು, ಏನು ತಿದ್ದಬೇಕು ಅಂತ ಹೇಳ್ತಾರೆ. ಮುಂದಿನ ಸಭೆಯಲ್ಲಿ ಕೆಲಸ ಅದಲುಬದಲು. ಎಲ್ಲರಿಗೂ ಸರದಿ ಬರುತ್ತೆ.

4️⃣ "ಎಲ್ಲರಿಗೂ" ಅಂದ್ರೆ ಯಾರಿಗೆ?
ದಶಕಗಳ ಕಾಲ ಅದು ಗಂಡಸರಿಗೆ ಮಾತ್ರ! ಹಾಗಾಗಿ 1938ರಲ್ಲಿ ಹೆಂಗಸರು ಟೋಸ್ಟ್‌ಮಿಸ್ಟ್ರೆಸ್ ಅನ್ನೋ ತಮ್ಮದೇ ಸಂಸ್ಥೆ ಕಟ್ಟಿಕೊಂಡ್ರು. 1970ರಲ್ಲಿ ಹೆಲೆನ್ ಬ್ಲಾಂಚರ್ಡ್ ಅನ್ನೋರು ಟೋಸ್ಟ್‌ಮಾಸ್ಟರ್ಸ್ ಸೇರಿದ್ದು "ಹೋಮರ್" ಅನ್ನೋ ಗಂಡಸಿನ ಹೆಸರಲ್ಲಿ. 1973ರಲ್ಲಿ ನಿಯಮ ಬದಲಾಗಿ ಮಹಿಳೆಯರಿಗೆ ಸದಸ್ಯತ್ವ ಸಿಕ್ತು. 1985ರಲ್ಲಿ ಅದೇ ಹೆಲೆನ್ ಇಡೀ ಸಂಸ್ಥೆಯ ಮೊದಲ ಮಹಿಳಾ ಅಧ್ಯಕ್ಷೆ ಆದರು! 🔥

5️⃣ ಈಗ
ಇವತ್ತು ಸುಮಾರು 150 ದೇಶಗಳಲ್ಲಿ ಕ್ಲಬ್‌ಗಳಿವೆ, ಬೆಂಗಳೂರಿನ ಎಷ್ಟೋ ಕಂಪನಿಗಳ ಒಳಗೂ ಇವೆ. 18 ವರ್ಷ ತುಂಬಿದವರು ಸೇರಬಹುದು. ಆದರೆ ಫೀಸು ಡಾಲರ್ ಲೆಕ್ಕದಲ್ಲಿ, ನಮ್ಮಂಥ ಸ್ಟೂಡೆಂಟ್ಸ್‌ಗೆ ಭಾರವೇ.

ಹಾಗಂತ ಸುಮ್ನೆ ಕೂರಬೇಕಾ? ಐದು ಜನ, ಒಂದು ಖಾಲಿ ಕ್ಲಾಸ್‌ರೂಮು, ಮೊಬೈಲ್ ಸ್ಟಾಪ್‌ವಾಚ್ ಇದ್ರೆ ಈ ಕ್ರಮ ನಮ್ಮಲ್ಲೂ ನಡೆಯುತ್ತೆ, ಕನ್ನಡದಲ್ಲೇ. ಒಂದೇ ಷರತ್ತು: ಯಾವಾಗಲೂ ಮೈಕ್ ಹಿಡಿಯೋರನ್ನ ಬಿಟ್ಟು, ಇದುವರೆಗೂ ಬಾಯಿ ಬಿಡದೆ ಕೂತವರನ್ನ ಮೊದಲು ಕರೀಬೇಕು.

ಯಾರ್ಯಾರು ರೆಡಿ? ಕೆಳಗೆ ಹೆಸರು ಹಾಕಿ 👇

#ಕ್ಯಾಪ್ಷನ್‌ನಲ್ಲಿ_ಇತಿಹಾಸ #ಟೋಸ್ಟ್‌ಮಾಸ್ಟರ್ಸ್ #ಬಿಕಾಂ_ಬಳಗ