‘ಓದು’ ಎಂಬ ಪದದ ಇಬ್ಬಗೆ: ಪ್ರೌಢಶಾಲೆಯ ಇಂಗ್ಲಿಷ್ ಪರೀಕ್ಷೆಯನ್ನು ಕುರಿತೊಂದು ವಿವೇಚನೆ

ಕನ್ನಡದಲ್ಲಿ ‘ಓದು’ ಎಂಬ ಒಂದೇ ಧಾತುವು ಬಾಯ್ದೆರೆದು ಪಠಿಸುವುದಕ್ಕೂ, ಮನಸ್ಸಿನೊಳಗೆ ಅರ್ಥವನ್ನು ಗ್ರಹಿಸುವುದಕ್ಕೂ, ವಿದ್ಯಾಭ್ಯಾಸವೆಂಬ ವಿಶಾಲಾರ್ಥಕ್ಕೂ ಸಲ್ಲುತ್ತದೆ. ಲಿಪಿಗೂ ಉಚ್ಚಾರಣೆಗೂ ಬಹುಮಟ್ಟಿಗೆ ಸಾಮರಸ್ಯವುಳ್ಳ, ಅದರಲ್ಲಿಯೂ ತಾಯ್ನುಡಿಯಾದ ಭಾಷೆಯಲ್ಲಿ ಈ ಅರ್ಥಗಳು ಒಂದರೊಳಗೊಂದು ಬೆರೆತಿದ್ದರೆ ಹಾನಿಯಿಲ್ಲ. ಅಕ್ಷರವನ್ನು ಬಲ್ಲ ಬಾಲಕನ ಬಾಯಿಂದ ಹೊರಟ ಮಾತು ಅವನ ಕಿವಿಗೆ ಬಿದ್ದೊಡನೆಯೇ ಅರ್ಥವಾಗಿ ಪರಿಣಮಿಸುತ್ತದೆ. ಇಂಗ್ಲಿಷಿನ ಸಂಗತಿ ಬೇರೆ. ಪಠ್ಯಪುಸ್ತಕದ ಪ್ರತಿಯೊಂದು ಪದದ ಮೇಲೆಯೂ ಪೆನ್ಸಿಲಿನಿಂದ ಕನ್ನಡ ಅಕ್ಷರಗಳಲ್ಲಿ ಉಚ್ಚಾರಣೆಯನ್ನು ಬರೆದುಕೊಂಡು, ತಡವರಿಸದೆ ಒಂದು ಪುಟವನ್ನು ಓದಿ ಮುಗಿಸಿದ ವಿದ್ಯಾರ್ಥಿಯು, ಅದರಲ್ಲಿ ಹೇಳಿದ ವಿಷಯವೇನೆಂದು ಕೇಳಿದರೆ ಮೌನವನ್ನು ತಾಳುವುದು ನಮ್ಮ ಪ್ರೌಢಶಾಲೆಗಳನ್ನು ಬಲ್ಲವರಿಗೆ ಹೊಸತಲ್ಲ.

ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯು 2023ರಲ್ಲಿ ದೇಶದ 28 ಗ್ರಾಮೀಣ ಜಿಲ್ಲೆಗಳ 14ರಿಂದ 18 ವರ್ಷ ವಯಸ್ಸಿನವರನ್ನು ಪರಿಶೀಲಿಸಿದಾಗ, ಸರಳವಾದ ಇಂಗ್ಲಿಷ್ ವಾಕ್ಯಗಳನ್ನು ಓದಬಲ್ಲವರು ಶೇಕಡ 57.3ರಷ್ಟಿದ್ದರು, ಹಾಗೆ ಓದಿದವರಲ್ಲಿ ವಾಕ್ಯದ ಅರ್ಥವನ್ನು ಹೇಳಬಲ್ಲವರಾದರೋ ಸುಮಾರು ಮುಕ್ಕಾಲು ಪಾಲು ಮಾತ್ರ. ಉಳಿದ ಕಾಲು ಪಾಲಿನವರನ್ನು ಓದಬಲ್ಲವರೆಂದು ಕರೆಯಬೇಕೋ ಓದಲಾರದವರೆಂದು ಕರೆಯಬೇಕೋ ಎಂಬ ಪ್ರಶ್ನೆಗೆ ‘ಓದು’ ಎಂಬ ಪದವು ನಮಗೆ ಉತ್ತರವನ್ನು ಕೊಡಲಾರದು.

ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡ ಬಹುಸಂಖ್ಯಾತ ವಿದ್ಯಾರ್ಥಿಗಳಿಗೆ ಇಂಗ್ಲಿಷು ದ್ವಿತೀಯ ಭಾಷೆಯಾಗಿದ್ದು, ಅದರ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೂ 20 ಆಂತರಿಕ ಮೌಲ್ಯಮಾಪನಕ್ಕೂ ಮೀಸಲಾಗಿವೆ. ಲಿಖಿತ ಭಾಗದಲ್ಲಿ ಅಪರಿಚಿತ ಗದ್ಯಖಂಡಕ್ಕೆ ದೊರೆಯುವ ಸ್ಥಾನವು ಅಲ್ಪ. ಪಠ್ಯದ ಗದ್ಯಪದ್ಯಗಳನ್ನು ಕುರಿತ ಪ್ರಶ್ನೆಗಳು, ಕಂಠಪಾಠದ ಪದ್ಯ, ಪತ್ರಲೇಖನ, ಪ್ರಬಂಧ ಇವೇ ಹೆಚ್ಚಿನ ಭಾಗವನ್ನು ಆಕ್ರಮಿಸಿಕೊಂಡಿವೆ. ವರ್ಷವಿಡೀ ತರಗತಿಯಲ್ಲಿ ವಿವರಿಸಿ, ಉತ್ತರವನ್ನು ಕರಿಹಲಗೆಯ ಮೇಲೆ ಬರೆದು, ಗೈಡಿನಲ್ಲಿ ಮತ್ತೊಮ್ಮೆ ಅಚ್ಚುಮಾಡಿದ ಪಾಠವನ್ನು ಕುರಿತು ಕೇಳುವ ಪ್ರಶ್ನೆಯು ಸ್ಮರಣಶಕ್ತಿಯನ್ನು ಅಳೆಯುವುದೇ ಹೊರತು ವಾಚನಶಕ್ತಿಯನ್ನಲ್ಲ. ‘ಪಾಸಿಂಗ್ ಪ್ಯಾಕೇಜ್’ ಎಂಬ ಹೆಸರಿನಿಂದ ಹಂಚಲ್ಪಡುವ ಕಿರುಹೊತ್ತಗೆಗಳು ಈ ರಹಸ್ಯವನ್ನು ಪರೀಕ್ಷಾಶಾಸ್ತ್ರಜ್ಞರಿಗಿಂತ ಮೊದಲೇ ಕಂಡುಕೊಂಡಿವೆ.

ಬರವಣಿಗೆಯ ಮಾಪನದಲ್ಲಿ ತೊಡಕು ಮತ್ತೊಂದು ಬಗೆಯದು. ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ವಿದ್ವಾಂಸರು 1912ರಲ್ಲಿ ಪ್ರೌಢಶಾಲೆಯ ಎರಡು ಇಂಗ್ಲಿಷ್ ಉತ್ತರಪತ್ರಿಕೆಗಳ ಪ್ರತಿಗಳನ್ನು 142 ಮಂದಿ ಉಪಾಧ್ಯಾಯರಿಂದ ಮೌಲ್ಯಮಾಪನ ಮಾಡಿಸಿದಾಗ, ಒಂದಕ್ಕೆ 64ರಿಂದ 98ರವರೆಗೂ ಇನ್ನೊಂದಕ್ಕೆ 50ರಿಂದ 97ರವರೆಗೂ ಅಂಕಗಳು ಬಂದುವು. ಢಾಕಾ ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಯಾಗಿದ್ದು, ಭಾರತದ ವಿದ್ಯಾಭ್ಯಾಸವನ್ನು ಕುರಿತು 1929ರಲ್ಲಿ ವರದಿಯನ್ನಿತ್ತ ಸಮಿತಿಯ ಅಧ್ಯಕ್ಷರೂ ಆಗಿದ್ದ ಫಿಲಿಪ್ ಹಾರ್ಟಾಗರು ರೋಡ್ಸ್ ಎಂಬವರೊಡನೆ 1935ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಇತಿಹಾಸದ ಉತ್ತರಪತ್ರಿಕೆಗಳನ್ನು ಅದೇ ಪರೀಕ್ಷಕರಿಗೆ ವರ್ಷಕ್ಕೂ ಮಿಗಿಲಾದ ಕಾಲದ ಅನಂತರ ಪುನಃ ಕೊಟ್ಟಾಗ, 210 ತೀರ್ಪುಗಳಲ್ಲಿ 92 ಬದಲಾಗಿದ್ದುವು. ಇಬ್ಬರು ಪರೀಕ್ಷಕರಿಗೆ ಭಿನ್ನಾಭಿಪ್ರಾಯವಿರುವುದು ಸಹಜವೆನ್ನಬಹುದು. ಒಬ್ಬನೇ ಪರೀಕ್ಷಕನಿಗೆ ತನ್ನೊಡನೆಯೇ ಭಿನ್ನಾಭಿಪ್ರಾಯವಿದ್ದರೆ ಏನನ್ನೋಣ?

ಅಂಕವು ಹೀಗೆ ಚಂಚಲವಾದುದರಿಂದ, ಉತ್ತರಪತ್ರಿಕೆಯಲ್ಲಿ ಸ್ಥಿರವಾಗಿ ನಿಲ್ಲುವುದು ಯಾವುದೆಂದು ಹುಡುಕಹೊರಟವನಿಗೆ ಮೊದಲು ಕಾಣುವುವು ವಿದ್ಯಾರ್ಥಿಯ ತಪ್ಪುಗಳು. ‘ಮೈ ಫಾದರ್ ಆರ್ ಎ ಫಾರ್ಮರ್’ ಎಂದು ಬರೆದ ಬಾಲಕನು ಏಕವಚನವನ್ನರಿಯದ ಅಜ್ಞಾನಿಯಲ್ಲ; ತಂದೆಯವರನ್ನು ಏಕವಚನದಲ್ಲಿ ನಿರ್ದೇಶಿಸಲೊಲ್ಲದ ವಿನಯಶಾಲಿ. ಕನ್ನಡದ ಗೌರವ ಬಹುವಚನವು ಇಂಗ್ಲಿಷಿನ ಕ್ರಿಯಾಪದದ ಮೇಲೆ ಬಂದು ಕುಳಿತಿದೆ, ಅಷ್ಟೆ. ‘ಯೆಸ್ಟರ್ಡೇ ಕೇಮ್ ಬಾಯ್’ ಎಂಬುದು ‘ನಿನ್ನೆ ಬಂದ ಹುಡುಗ’ ಎಂಬ ನಮ್ಮ ಕೃದಂತರಚನೆಯ ಯಥಾವತ್ ಪ್ರತಿಬಿಂಬ. ‘ಎ’, ‘ದಿ’ಗಳ ಲೋಪಕ್ಕೆ ಕಾರಣವನ್ನು ಹೇಳಬೇಕಾದುದೇ ಇಲ್ಲ, ನಮ್ಮ ನುಡಿಯಲ್ಲಿ ಅವುಗಳಿಗೆ ಸಮಾನವಾದ ಅವ್ಯಯಗಳೇ ಇಲ್ಲ. ಈ ತಪ್ಪುಗಳನ್ನೂ ಅಜಾಗರೂಕತೆಯಿಂದಾದ ಕಾಗುಣಿತದೋಷವನ್ನೂ ಒಂದೇ ಕೆಂಪು ಗೆರೆಯಿಂದ ಹೊಡೆದು ಅರ್ಧ ಅಂಕವನ್ನು ಕಳೆದರೆ, ರೋಗಲಕ್ಷಣವನ್ನು ಕಂಡು ರೋಗಿಗೆ ದಂಡವನ್ನು ವಿಧಿಸಿದಂತಾಯಿತು.

ಬರವಣಿಗೆಯಲ್ಲಿ ಕಂಡ ಲಕ್ಷಣವು ವಾಚನದಲ್ಲಿಯೂ ಇರಬಹುದೆಂದು ಊಹಿಸಿ, ಅದಕ್ಕೆ ತಕ್ಕ ಪ್ರಶ್ನೆಯನ್ನು ರಚಿಸುವುದು ಸಾಧ್ಯ. ‘ದಿ ಮ್ಯಾನ್ ಹೂ ಸೋಲ್ಡ್ ದಿ ಕೌ ಟು ದಿ ಫಾರ್ಮರ್ ವೆಂಟ್ ಟು ದಿ ಮಾರ್ಕೆಟ್’ ಎಂಬ ವಾಕ್ಯದಲ್ಲಿ ಕಠಿಣವಾದ ಪದ ಒಂದೂ ಇಲ್ಲ. ಆದರೂ ಸಂತೆಗೆ ಹೋದವನು ಯಾರೆಂದು ಕೇಳಿದರೆ, ವಿಶೇಷಣವಾಕ್ಯವು ನಾಮಪದಕ್ಕಿಂತ ಮೊದಲೇ ಬರುವ ಭಾಷೆಯಲ್ಲಿ ಬೆಳೆದವನು, ಕ್ರಿಯಾಪದಕ್ಕೆ ಅತಿ ಸಮೀಪದಲ್ಲಿರುವ ರೈತನನ್ನೇ ಕರ್ತೃವೆಂದು ಭ್ರಮಿಸುವ ಸಂಭವವುಂಟು. ಈ ಒಂದು ಪ್ರಶ್ನೆಯು, ಪಾಠದ ಸಾರಾಂಶವನ್ನು ಹತ್ತು ವಾಕ್ಯಗಳಲ್ಲಿ ಬರೆಯೆಂಬ ಪ್ರಶ್ನೆಗಿಂತ ಹೆಚ್ಚಿನದನ್ನು ಉಪಾಧ್ಯಾಯನಿಗೆ ತಿಳಿಸೀತು. ಅದಕ್ಕೆ ಉತ್ತರವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿತ್ತರಂತೂ ಓದಿನ ಪರೀಕ್ಷೆಯು ಬರವಣಿಗೆಯ ಭಾರದಿಂದ ಮುಕ್ತವಾಗುತ್ತದೆ. ಅರ್ಥವನ್ನು ಗ್ರಹಿಸಿಯೂ ಇಂಗ್ಲಿಷಿನಲ್ಲಿ ಹೇಳಲಾರದವನೂ, ಅರ್ಥವನ್ನೇ ಗ್ರಹಿಸದವನೂ ಇಂದು ಒಂದೇ ಸೊನ್ನೆಯ ಕೆಳಗೆ ನಿಂತಿದ್ದಾರೆ. ಇಂಗ್ಲಿಷ್ ಪರೀಕ್ಷೆಯಲ್ಲಿ ಕನ್ನಡವೇ ಎಂದು ಹುಬ್ಬೇರಿಸುವವರಿಗೆ, ಅಳೆಯಬೇಕಾದುದು ಯಾವುದೆಂಬ ಪ್ರಶ್ನೆಯನ್ನು ಮರಳಿ ಕೇಳಬೇಕಾಗುತ್ತದೆ.

ಮಾಪನವು ತಟಸ್ಥವಲ್ಲವೆಂಬುದಕ್ಕೆ ಬೆಂಗಳೂರಿನ ಹೆಸರನ್ನೇ ಹೊತ್ತ ಪ್ರಯೋಗವೊಂದು ಸಾಕ್ಷಿಯಾಗಿದೆ. ಭಾಷಾಬೋಧನತಜ್ಞರಾದ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ, ವ್ಯಾಕರಣವನ್ನು ಕ್ರಮವಾಗಿ ಬೋಧಿಸುವುದನ್ನು ಬಿಟ್ಟು, ರೈಲಿನ ವೇಳಾಪಟ್ಟಿ, ನಕ್ಷೆ ಮೊದಲಾದವನ್ನು ಮುಂದಿಟ್ಟು ವಿಚಾರಮಾಡಿ ಬಿಡಿಸಬೇಕಾದ ಕಾರ್ಯಗಳ ಮೂಲಕವೇ ಇಂಗ್ಲಿಷನ್ನು ಕಲಿಸಿದರು. ಅದರ ಫಲವನ್ನು ಪರೀಕ್ಷಿಸಿದ ಬೆರೆಟ್ಟಾ ಮತ್ತು ಡೇವೀಸರು 1985ರಲ್ಲಿ ವರದಿಮಾಡಿದಂತೆ, ರಚನಾಭ್ಯಾಸದ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ವಿದ್ಯಾರ್ಥಿಗಳೂ, ಕಾರ್ಯಾಧಾರಿತ ಪರೀಕ್ಷೆಯಲ್ಲಿ ಹೊಸ ಪದ್ಧತಿಯವರೂ ಮುಂದಿದ್ದರು. ಇದನ್ನು ಮೊದಲೇ ಊಹಿಸಿದ್ದ ಆ ಸಂಶೋಧಕರು ಎರಡು ಪಕ್ಷಕ್ಕೂ ಸೇರದ ಪರೀಕ್ಷೆಗಳನ್ನೂ ಇಟ್ಟಿದ್ದರೆಂಬುದು ಅವರ ವಿವೇಕವನ್ನು ತೋರಿಸುತ್ತದೆ. ನಮ್ಮ ವಾರ್ಷಿಕ ಪರೀಕ್ಷೆಯಲ್ಲಾದರೋ ಅಂತಹ ತಟಸ್ಥಸ್ಥಾನವನ್ನು ವಹಿಸಬಲ್ಲುದು ಅಪರಿಚಿತ ಗದ್ಯಖಂಡವೊಂದೇ. ಅದಕ್ಕೆ ಸಂದಿರುವ ಪಾಲು ಎಷ್ಟೆಂಬುದನ್ನು ಆಗಲೇ ಹೇಳಿದೆ.

ಆಂತರಿಕ ಮೌಲ್ಯಮಾಪನದ 20 ಅಂಕಗಳು ಈ ಕೊರತೆಯನ್ನು ತುಂಬಬೇಕಾಗಿತ್ತು. ವಿದ್ಯಾರ್ಥಿಯ ತಪ್ಪುಗಳ ಇತಿಹಾಸವನ್ನು ಬಲ್ಲವನು ಅವನ ಉಪಾಧ್ಯಾಯನೇ ಆದುದರಿಂದ, ಅಪರಿಚಿತ ಖಂಡಗಳನ್ನು ಕೊಟ್ಟು ಓದಿಸಿ, ಬರೆದುದನ್ನು ತಿದ್ದಿ ಮತ್ತೆ ಬರೆಯಿಸಿ, ಮೊದಲ ಕರಡಿಗೂ ಎರಡನೆಯದಕ್ಕೂ ಇರುವ ಅಂತರವನ್ನೇ ಅಳೆಯಲು ಅಲ್ಲಿ ಅವಕಾಶವಿದೆ. ಸಾರ್ವತ್ರಿಕ ಪರೀಕ್ಷೆಗೆ ಆ ಸೌಕರ್ಯವಿಲ್ಲ. ಮೂರು ಗಂಟೆಗಳಲ್ಲಿ ಬರೆದ ಉತ್ತರಪತ್ರಿಕೆಯು ಕಟ್ಟಿನೊಳಗೆ ಸೇರಿ, ಮೌಲ್ಯಮಾಪನ ಕೇಂದ್ರದಲ್ಲಿ ವಿದ್ಯಾರ್ಥಿಯ ಮುಖವನ್ನೇ ಕಾಣದ ಪರೀಕ್ಷಕರ ಮುಂದೆ ತೆರೆಯುತ್ತದೆ. ಅಲ್ಲಿಂದ ಅವನ ಶಾಲೆಗೆ ಹಿಂದಿರುಗುವುದು ಒಂದು ಸಂಖ್ಯೆ; ತಂದೆಯನ್ನು ಬಹುವಚನದಲ್ಲಿ ಗೌರವಿಸಿದ ಆ ವಾಕ್ಯವು, ಅದನ್ನು ಓದಿ ಏನನ್ನಾದರೂ ಕಲಿಯಬಹುದಾಗಿದ್ದ ಉಪಾಧ್ಯಾಯನ ಕಣ್ಣಿಗೆ ಬೀಳದೆ, ಕಟ್ಟಿನಲ್ಲಿಯೇ ಉಳಿಯುತ್ತದೆ.