ವಸ್ತು ಮಗುವಿನ ಕೈಯಲ್ಲಿ, ಹಿಡಿತ ಯಾರ ಕೈಯಲ್ಲಿ?

ಫ್ರೆಡರಿಕ್ ಫ್ರೋಬೆಲ್ ಕಿಂಡರ್‌ಗಾರ್ಟನ್ನಿನ ಜನಕ ಎನಿಸಿಕೊಳ್ಳುವ ಮೊದಲು ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ಕೆಲಸಕ್ಕಿದ್ದರು. ಹರಳುಗಳ ಕೋನ, ಮುಖಗಳನ್ನು ನೋಡಿ ಪಳಗಿದ ಆ ಕಣ್ಣು ಅವರು ಮಕ್ಕಳಿಗಾಗಿ ರೂಪಿಸಿದ ‘ಕೊಡುಗೆ’ಗಳಲ್ಲಿ ಎದ್ದು ಕಾಣುತ್ತದೆ. ಮೊದಲು ಬಣ್ಣದ ಉಣ್ಣೆಯ ಆರು ಚೆಂಡು, ಆಮೇಲೆ ಮರದ ಗೋಳ, ಉರುಳೆ, ಘನ; ಮೂರನೆಯದು ಎಂಟು ಪುಟ್ಟ ಘನಗಳಾಗಿ ಬಿಡಿಸಿಕೊಳ್ಳುವ ಒಂದು ಘನ. 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಶುರುವಾದ ಪ್ರಯೋಗಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರು ಬಂದದ್ದು 1840ರಲ್ಲಿ. ನಾಸ್ತಿಕತೆ ಬಿತ್ತುತ್ತದೆಂಬ ಆರೋಪ ಹೊರಿಸಿ ಪ್ರಷ್ಯದ ಸರ್ಕಾರ 1851ರಲ್ಲಿ ಅದನ್ನು ನಿಷೇಧಿಸಿತು. ನಿಷೇಧ ತೆರವಾಗುವ ಹೊತ್ತಿಗೆ ಫ್ರೋಬೆಲ್ ಬದುಕಿರಲಿಲ್ಲ.

ಆದರೆ ಫ್ರೋಬೆಲ್‌ರ ಆಟಕ್ಕೂ ಕಟ್ಟಳೆಯಿತ್ತು. ಏನೇ ಕಟ್ಟಿದರೂ ಪೆಟ್ಟಿಗೆಯ ಎಲ್ಲ ತುಂಡುಗಳೂ ಬಳಕೆಯಾಗಬೇಕು, ಒಂದೂ ಮಿಗಬಾರದು. ಶಿಷ್ಯರ ಕೈಯಲ್ಲಿ ಇದು ಇನ್ನಷ್ಟು ಬಿಗಿಯಾಯಿತು. ಟೀಚರು ಹೇಳಿದಂತೆ ಮಕ್ಕಳೆಲ್ಲ ಒಟ್ಟಿಗೆ ಘನ ಜೋಡಿಸುವ ಕವಾಯತು ಆಯಿತು. ಕೈಯಾರೆ ಕಲಿಯುವ ಚಟುವಟಿಕೆಗಳ ಚರಿತ್ರೆಯುದ್ದಕ್ಕೂ ನನಗೆ ಕಾಣುವುದು ಇದೇ ತೊಡಕು. ವಸ್ತು ಮಗುವಿಗೆ ಸಿಗುತ್ತದೆ, ಅದರಿಂದ ಏನು ಮಾಡಬೇಕೆಂಬ ತೀರ್ಮಾನ ದೊಡ್ಡವರಲ್ಲೇ ಉಳಿಯುತ್ತದೆ.

ಮರಿಯಾ ಮಾಂಟೆಸ್ಸೊರಿ ಈ ತೊಡಕನ್ನು ಜಾಣತನದಿಂದ ಬಿಡಿಸಲು ನೋಡಿದರು. ವೈದ್ಯೆಯಾಗಿದ್ದ ಅವರು ಬುದ್ಧಿಮಾಂದ್ಯ ಮಕ್ಕಳಿಗಾಗಿ ಇಟಾರ್ಡ್, ಸೆಗ್ವಿನ್ ಎಂಬ ಫ್ರೆಂಚ್ ವೈದ್ಯರು ಮಾಡಿದ್ದ ಕೆಲಸವನ್ನು ಓದಿಕೊಂಡಿದ್ದರು. 1907ರಲ್ಲಿ ರೋಮಿನ ಬಡವರ ಕೇರಿ ಸಾನ್ ಲೊರೆಂಜೋದಲ್ಲಿ ತೆರೆದ ‘ಮಕ್ಕಳ ಮನೆ’ಯಲ್ಲಿ ತಿದ್ದುವ ಕೆಲಸವನ್ನು ವಸ್ತುವಿಗೇ ಒಪ್ಪಿಸಿದರು. ಮರದ ಹಲಗೆಯ ಹತ್ತು ಕುಳಿಗಳಿಗೆ ಹತ್ತು ಉರುಳೆ. ಒಂದನ್ನು ತಪ್ಪು ಕುಳಿಗೆ ಹಾಕಿದರೆ ಕೊನೆಗೆ ಒಂದು ಉಳಿದುಬಿಡುತ್ತದೆ. ಟೀಚರು ಬಾಯಿ ತೆರೆಯುವ ಮೊದಲೇ ಮಗು ಎಲ್ಲವನ್ನೂ ತೆಗೆದು ಮತ್ತೆ ಶುರುಮಾಡುತ್ತದೆ. ಗುಲಾಬಿ ಗೋಪುರದ ಹತ್ತು ಘನಗಳಿಗೆ ಒಂದೇ ಬಣ್ಣ. ವ್ಯತ್ಯಾಸ ಅಳತೆಯದು ಮಾತ್ರ, ಒಂದು ಸೆಂಟಿಮೀಟರಿನಿಂದ ಹತ್ತರವರೆಗೆ. ಬಣ್ಣವೂ ಬೇರೆಯಾಗಿದ್ದರೆ ಮಗು ಅಳತೆಯನ್ನು ಗಮನಿಸುತ್ತಲೇ ಇರಲಿಲ್ಲ. ಉಪ್ಪುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸಿದ ಮಕ್ಕಳು ಓದುವುದಕ್ಕೆ ಮುಂಚೆಯೇ ಬರೆಯತೊಡಗಿದರು. ನಮ್ಮ ಕೂಲಿಮಠಗಳಲ್ಲೂ ಮಕ್ಕಳು ಮರಳಿನಲ್ಲಿ ಬೆರಳಿಂದಲೇ ಅಕ್ಷರ ತಿದ್ದುತ್ತಿದ್ದರು. ಅಲ್ಲಿ ಸರಿ ತಪ್ಪು ಹೇಳಲು ಬೆತ್ತ ಹಿಡಿದ ಅಯ್ಯನವರು ಬೇಕಿತ್ತು, ಅಷ್ಟೇ.

ಮಾಂಟೆಸ್ಸೊರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಶತ್ರುದೇಶದ ಪ್ರಜೆಯೆಂಬ ನಿರ್ಬಂಧಕ್ಕೆ ಒಳಗಾದರೂ ಅಡ್ಯಾರ್, ಕೊಡೈಕನಾಲ್‌ಗಳಲ್ಲಿ ತರಬೇತಿ ಮುಂದುವರಿಸಿದರು. ಆದರೆ ಅವರ ವಿಚಾರ ಅವರಿಗಿಂತ ಮೊದಲೇ ಇಲ್ಲಿಗೆ ತಲುಪಿತ್ತು. ವಕೀಲಿ ಬಿಟ್ಟ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದಿದ್ದರು. ಪುಟ್ಟ ಮಕ್ಕಳಿಗೆ ಕಟ್ಟುಕಥೆ ಬೇಡವೆನ್ನುತ್ತಿದ್ದ ಮಾಂಟೆಸ್ಸೊರಿಯನ್ನು ಗುರುವೆಂದು ಒಪ್ಪಿಯೂ ಅವರು ಕಥೆ, ಹಾಡು, ನಾಟಕಗಳನ್ನು ಬಿಡಲಿಲ್ಲ.

ಅಸಲಿ ತಿರುವು ಬಂದದ್ದು ಗಿಜುಭಾಯಿಯವರ ಸಹೋದ್ಯೋಗಿ ತಾರಾಬಾಯಿ ಮೋಡಕ್ ಅವರಿಂದ ಎಂದು ನನ್ನ ಎಣಿಕೆ. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಮುಂದೆ ಕೋಸಬಾಡದ ಗುಡ್ಡದ ಮೇಲೆ, ಅನುತಾಯಿ ವಾಘ್ ಜೊತೆಗೂಡಿ ವಾರ್ಲಿ ಆದಿವಾಸಿ ಮಕ್ಕಳ ನಡುವೆ ಅವರು ಕೆಲಸ ಮಾಡಿದರು. ವಿದೇಶಿ ಅಳತೆಯ ಮರದ ಸಾಮಾನು ಅಲ್ಲಿ ಯಾರಿಗೂ ಕೈಗೆಟುಕುವಂತಿರಲಿಲ್ಲ. ಬೆಣಚುಕಲ್ಲು, ಕಪ್ಪೆಚಿಪ್ಪು, ಬೀಜ, ಎಲೆಗಳೇ ಎಣಿಸಲು, ವಿಂಗಡಿಸಲು ಸಾಧನಗಳಾದವು. ತಮ್ಮ-ತಂಗಿಯರನ್ನು ಎತ್ತಿಕೊಂಡು ತಿರುಗುವ ಮಕ್ಕಳು ಶಾಲೆಗೆ ಬರಲಾರರೆಂದು ಗೊತ್ತಾದಾಗ ಶಾಲೆಯೇ ಅವರ ಕೇರಿಯ ಅಂಗಳಕ್ಕೆ ಹೋಯಿತು. ಅದೇ ಅಂಗನವಾಡಿ. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ ಆ ಹೆಸರನ್ನು ಉಳಿಸಿಕೊಂಡಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ತಿ. ನರಸೀಪುರದಲ್ಲಿ.

ಇತ್ತ ಪೇಟೆಯಲ್ಲಿ ಮಾಂಟೆಸ್ಸೊರಿ ಎಂಬ ಬೋರ್ಡನ್ನು ಯಾರು ಬೇಕಾದರೂ ತೂಗುಹಾಕಬಹುದು. ಒಳಗೆ ನಾಲ್ಕು ವರ್ಷದ ಮಗು ಕಾಪಿ ಪುಸ್ತಕದಲ್ಲಿ ಎ ಬಿ ಸಿ ಡಿ ತುಂಬಿಸುತ್ತಿದ್ದರೂ ಕೇಳುವವರಿಲ್ಲ; ಪುಸ್ತಕ ತುಂಬದಿದ್ದರೆ ಕೇಳುವವರು ತಂದೆತಾಯಿಗಳೇ.

ಸರ್ಕಾರಿ ದಾಖಲೆಗಳು ಮಾತ್ರ ಈಗ ಫ್ರೋಬೆಲ್, ಗಿಜುಭಾಯಿಯರ ಕಡೆಗೇ ವಾಲಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತವೆಂದಿತು. 2022ರ ಪಠ್ಯಕ್ರಮ ಚೌಕಟ್ಟು ಆಟವನ್ನು ನಡುವಿಗೆ ತಂದಿತು. ಮರುವರ್ಷ ಆಟಿಕೆ, ಒಗಟು, ಚಿತ್ರಪಟಗಳ ‘ಜಾದೂಯಿ ಪಿಟಾರ’, ಎಂದರೆ ಮಾಯಾಪೆಟ್ಟಿಗೆ, ಬಂತು. ಮತ್ತೆ ಪೆಟ್ಟಿಗೆಯೇ! ಪೆಟ್ಟಿಗೆ ಬಂದ ಮೇಲೆ ಅದು ಸ್ಟಾಕ್ ರಿಜಿಸ್ಟರಿಗೂ ಏರುತ್ತದೆ. ಒಂದು ಮಣಿ ಕಳೆದರೂ ಲೆಕ್ಕ ಕೊಡಬೇಕಾದ ಅಂಗನವಾಡಿ ಕಾರ್ಯಕರ್ತೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಆಕೆಯನ್ನು ದೂರುವುದು ಹೇಗೆ? ಮಕ್ಕಳ ತೂಕ, ಬಿಸಿಯೂಟ, ಗರ್ಭಿಣಿ ಬಾಣಂತಿಯರ ಆಹಾರ, ಮನೆ ಭೇಟಿ, ಮೊಬೈಲಿನಲ್ಲಿ ಮಾಹಿತಿ ತುಂಬುವುದು, ಎಲ್ಲವೂ ಆಕೆಯ ಪಾಲಿಗೇ. ಎಣಿಸಲು ಕೊಟ್ಟ ಹುಣಸೆಬೀಜ ಕಳೆದರೆ ಯಾರೂ ಲೆಕ್ಕ ಕೇಳುವುದಿಲ್ಲ, ಅದನ್ನು ಯಾವ ಟೆಂಡರೂ ಪೂರೈಸುವುದೂ ಇಲ್ಲ. ಆದರೆ ಬೀಜವಾಗಲಿ ಪೆಟ್ಟಿಗೆಯಾಗಲಿ, ಮಕ್ಕಳ ಜೊತೆ ಕೂರಲು ಆಕೆಗೆ ಪುರುಸೊತ್ತು ಬೇಕು. ಹೊಸ ಕಿಟ್‌ಗಳಿಗೆ ಹಣ ತೆಗೆದಿಡುವಾಗ ಪ್ರತಿ ಕೇಂದ್ರಕ್ಕೆ ಎರಡನೆಯ ಕಾರ್ಯಕರ್ತೆಯ ಸಂಬಳವನ್ನೂ ಅದೇ ಪಟ್ಟಿಗೆ ಸೇರಿಸಬೇಕಿದೆ.