ಮೊಣಕಾಲಿನ ಅಸ್ಥಿಸಂಧಿವಾತದಲ್ಲಿ ವಿದ್ಯುತ್ ಸ್ನಾಯು ಪ್ರಚೋದನೆ ಮತ್ತು ವ್ಯಾಯಾಮ

ಮೊಣಕಾಲಿನ ಅಸ್ಥಿಸಂಧಿವಾತದಿಂದ ದುರ್ಬಲಗೊಂಡ ತೊಡೆಯ ಸ್ನಾಯುಗಳನ್ನು ಚರ್ಮದ ಮೇಲಿನಿಂದ ಹಾಯಿಸುವ ವಿದ್ಯುತ್ ಮಿಡಿತಗಳಿಂದ ಸಂಕುಚಿಸುವಂತೆ ಮಾಡಿ, ಅದರ ಜೊತೆಗೆ ವ್ಯಾಯಾಮವನ್ನೂ ಮಾಡಿಸುವ ಕ್ರಮವು ಫಿಸಿಯೋಥೆರಪಿಯ ಒಂದು ವಿಧಾನವಾಗಿದೆ. ಇದು ವ್ಯಾಯಾಮಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ. ಸವೆದ ಮೃದ್ವಸ್ಥಿಯನ್ನು ಇದು ಮತ್ತೆ ಬೆಳೆಸುವುದಿಲ್ಲ.

ಹಿನ್ನೆಲೆ

ಈ ರೋಗವನ್ನು ಆಡುಮಾತಿನಲ್ಲಿ 'ಮಂಡಿ ಸವೆತ' ಎನ್ನುತ್ತಾರೆ. ಹೆಸರು ಕೀಲಿನತ್ತ ಮಾತ್ರ ಬೆರಳು ತೋರುವುದರಿಂದ ಸ್ನಾಯುವಿನ ಪಾತ್ರ ಮರೆತುಹೋಗುತ್ತದೆ. ಮೊಣಕಾಲನ್ನು ನೇರಗೊಳಿಸುವುದು, ಮೆಟ್ಟಿಲು ಇಳಿಯುವಾಗ ದೇಹದ ಭಾರವನ್ನು ತಡೆದು ನಿಲ್ಲಿಸುವುದು ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುಗಳ ಕೆಲಸ. ನೋವಿಗೆ ಹೆದರಿ ನಡಿಗೆಯನ್ನು ಕಡಿಮೆ ಮಾಡಿದಂತೆ ಇವು ಸೊರಗುತ್ತವೆ. ಕೀಲಿನ ಊತ ಮತ್ತು ನೋವಿನಿಂದ ಹೊರಡುವ ಸಂಕೇತಗಳು ಬೆನ್ನುಹುರಿಯ ಮಟ್ಟದಲ್ಲಿಯೇ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಗ್ಗಿಸುವುದೂ ಉಂಟು. ಆಗ ರೋಗಿ ಎಷ್ಟು ಪ್ರಯತ್ನಿಸಿದರೂ ಸ್ನಾಯು ಪೂರ್ಣವಾಗಿ ಬಿಗಿಯಾಗದು. ಇದನ್ನು ಸೋಮಾರಿತನವೆಂದು ಭಾವಿಸುವುದು ತಪ್ಪು. ವಿದ್ಯುತ್ ಪ್ರಚೋದನೆಯು ಮಿದುಳಿನ ಆಜ್ಞೆಗೆ ಕಾಯದೆ ನೇರವಾಗಿ ಚಾಲಕ ನರವನ್ನು ಎಚ್ಚರಿಸುತ್ತದೆ.

ಇತಿಹಾಸ

ವಿದ್ಯುತ್ತಿನಿಂದ ಸ್ನಾಯು ಸಂಕುಚಿಸುವುದನ್ನು ಇಟಲಿಯ ಲುಯಿಜಿ ಗಾಲ್ವಾನಿ ಕಪ್ಪೆಯ ಕಾಲುಗಳಲ್ಲಿ ಗಮನಿಸಿ 1791ರಲ್ಲಿ ಪ್ರಕಟಿಸಿದನು. 1970ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಯಾಕೊವ್ ಕೋಟ್ಸ್ ಕ್ರೀಡಾಪಟುಗಳ ಸ್ನಾಯುಬಲ ಹೆಚ್ಚಿಸಲು 2500 ಹರ್ಟ್ಸ್ ಆವರ್ತನದ ಪ್ರವಾಹವನ್ನು ಬಳಸಿದನು. 10 ಸೆಕೆಂಡು ಪ್ರಚೋದನೆ, 50 ಸೆಕೆಂಡು ವಿಶ್ರಾಂತಿ, ಹೀಗೆ 10 ಸಲ ಎಂಬುದು ಅವನ ಕ್ರಮ. 'ರಷ್ಯನ್ ಕರೆಂಟ್' ಎಂಬ ಹೆಸರು ಇದರಿಂದಲೇ ಬಂದಿತು.

ವಿಧಾನ

ರೋಗಿಯನ್ನು ಮಂಡಿ ಮಡಿಸಿ ಕೂರಿಸಿ, ತೊಡೆಯ ಮೇಲೆ ಅಂಟುವ ವಿದ್ಯುದ್ವಾರಗಳನ್ನು ಇಡಲಾಗುತ್ತದೆ. ಪ್ರವಾಹ ಬಂದಾಗ ರೋಗಿಯೂ ತನ್ನ ಇಚ್ಛೆಯಿಂದ ತೊಡೆಯನ್ನು ಬಿಗಿಗೊಳಿಸುವುದು, ಕಾಲನ್ನು ಚಾಚುವುದು ಈ ಸಂಯೋಜನೆಯ ತಿರುಳು. ಸಹಜ ಚಲನೆಯಲ್ಲಿ ಬೇಗ ದಣಿಯದ ಸಣ್ಣ ತಂತುಗಳು ಮೊದಲು ಕೆಲಸಕ್ಕಿಳಿಯುತ್ತವೆ. ವಿದ್ಯುತ್ತು ಈ ಸರದಿಯನ್ನು ಪಾಲಿಸದೆ, ವಿದ್ಯುದ್ವಾರದ ಸಮೀಪದ ತಂತುಗಳನ್ನೇ ಮತ್ತೆ ಮತ್ತೆ ದುಡಿಸುವುದರಿಂದ ಆಯಾಸ ಬೇಗ ಬರುತ್ತದೆ. ಸಂಕೋಚನಕ್ಕಿಂತ ವಿಶ್ರಾಂತಿಯ ಅವಧಿ ದೀರ್ಘವಾಗಿರುವುದು ಈ ಕಾರಣದಿಂದ. ನೋವು ಶಮನಕ್ಕೆ ಬಳಸುವ ಟೆನ್ಸ್ ಯಂತ್ರ ಬೇರೆ. ಅದು ಸಂವೇದನಾ ನರಗಳನ್ನು ಉದ್ದೇಶಿಸಿದ್ದು, ಸ್ನಾಯುಬಲವನ್ನು ಬೆಳೆಸುವುದು ಅದರ ಗುರಿಯಲ್ಲ. ಎರಡೂ ಯಂತ್ರಗಳು ನೋಡಲು ಒಂದೇ ತೆರನಾಗಿರುವುದರಿಂದ ಕೊಳ್ಳುವವರಿಗೆ ಗೊಂದಲವಾಗುವುದು ಸಹಜ.

ಪರಿಣಾಮ

ಅಧ್ಯಯನಗಳ ಫಲಿತಾಂಶಗಳು ಏಕರೂಪವಾಗಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯು 2022ರ ಮಾರ್ಗಸೂಚಿಯಲ್ಲಿ ವ್ಯಾಯಾಮವನ್ನು ಅಸ್ಥಿಸಂಧಿವಾತದ ಮುಖ್ಯ ಚಿಕಿತ್ಸೆಯಾಗಿ ಇರಿಸಿ, ಸಾಕಷ್ಟು ಪುರಾವೆ ಇಲ್ಲವೆಂಬ ಕಾರಣದಿಂದ ವಿದ್ಯುತ್ ಪ್ರಚೋದನೆಯನ್ನು ನೀಡಬಾರದೆಂದು ಹೇಳಿದೆ. ಮಂಡಿ ಬದಲಿ ಶಸ್ತ್ರಚಿಕಿತ್ಸೆಯ ನಂತರದ ಸ್ಥಿತಿ ಭಿನ್ನವಾದುದು. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯಾದ 48 ಗಂಟೆಗಳ ಬಳಿಕ ಆರಂಭಿಸಿ ವ್ಯಾಯಾಮದೊಂದಿಗೆ 6 ವಾರ ಪ್ರಚೋದನೆ ಪಡೆದವರ ಸ್ನಾಯುಬಲವು ವ್ಯಾಯಾಮ ಮಾತ್ರ ಮಾಡಿದವರಿಗಿಂತ ಉತ್ತಮವಾಗಿತ್ತು. ಹೀಗಾಗಿ ಸ್ವಪ್ರಯತ್ನದಿಂದ ತೊಡೆಯನ್ನು ಬಿಗಿಗೊಳಿಸಲಾಗದವರಲ್ಲಿ ಇದರ ಉಪಯೋಗಕ್ಕೆ ಹೆಚ್ಚು ಅವಕಾಶವಿದೆ ಎನ್ನಬಹುದು. ಚೆನ್ನಾಗಿ ವ್ಯಾಯಾಮ ಮಾಡಬಲ್ಲವರು ಯಂತ್ರಕ್ಕೆ ಹಣ ಸುರಿಯಬೇಕಾದ ಅಗತ್ಯ ಕಾಣದು.

ಎಚ್ಚರಿಕೆ

ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ವೈದ್ಯರ ಒಪ್ಪಿಗೆಯಿಲ್ಲದೆ ಇದನ್ನು ಬಳಸಬಾರದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವಾಗ, ಗಾಯ ಅಥವಾ ಗಡ್ಡೆಯಿರುವ ಜಾಗದ ಮೇಲೆ ಪ್ರಚೋದನೆ ನೀಡುವುದಿಲ್ಲ. ಮಧುಮೇಹದಿಂದ ಚರ್ಮದ ಸ್ಪರ್ಶಜ್ಞಾನ ಕುಂದಿದವರಿಗೆ ಪ್ರವಾಹದ ತೀವ್ರತೆ ತಿಳಿಯದೆ ಸುಟ್ಟಗಾಯವಾಗುವ ಸಂಭವವಿದೆ.